ಬೆಟ್ಟದಾಚೆಯ ಬೈಸನ್ ಬೇಟೆ

ಬಂಡೀಪುರ, ನಾಗರಹೊಳೆಗಳ ಕಾಟಿಯನ್ನು ಬ್ರಿಟಿಷ್ ಬೇಟೆಗಾರರು 'ಬೈಸನ್' ಎಂದು ಕರೆದರು. ಆ ಹೆಸರು ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಆದರೆ ಕಾಟಿ ಬೈಸನ್ ಅಲ್ಲ. ನಿಜವಾದ ಬೈಸನ್ ಇರುವುದು ಅಮೆರಿಕ ಮತ್ತು ಯುರೋಪುಗಳಲ್ಲಿ. ಅಮೆರಿಕಕ್ಕೆ ಹೋದ ಬಿಳಿಯರು ಅದನ್ನು 'ಬಫೆಲೊ' ಎಂದರು. ಅದು ಎಮ್ಮೆಯೂ ಅಲ್ಲ! ಹೆಸರಿನ ಗೊಂದಲ ಹಾಗಿರಲಿ. ಇಂದಿನ ವಿಷಯ ಆ ಪ್ರಾಣಿಯ ಬೇಟೆಗೆ ಒಂದು ಜನಾಂಗ ಮಾಡಿಕೊಳ್ಳುತ್ತಿದ್ದ ಸಿದ್ಧತೆ.

ಸಿನಿಮಾಗಳಲ್ಲಿ ತಾವು ನೋಡಿರುವುದು ಬಯಲಿನಲ್ಲಿ ಧೂಳೆಬ್ಬಿಸುವ ಕುದುರೆಗಳನ್ನು. ನೆಜ್ ಪರ್ಸ್ ಜನರ ಕಥೆ ಬೇರೆ. ತಮ್ಮನ್ನು ತಾವು ನಿಮೀಪು ಎಂದು ಕರೆದುಕೊಳ್ಳುವ ಇವರ ನೆಲೆ ರಾಕಿ ಪರ್ವತಗಳ ಪಶ್ಚಿಮಕ್ಕೆ, ಇಂದಿನ ಐಡಹೊ, ಆರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲಿ. ಹೊಳೆಗಳಲ್ಲಿ ಸಾಲ್ಮನ್ ಮೀನು ಹೇರಳ. ಬೈಸನ್ನಿನ ದೊಡ್ಡ ಹಿಂಡುಗಳಿದ್ದುದು ಮಾತ್ರ ಪೂರ್ವದಲ್ಲಿ, ಬಿಟರ್‌ರೂಟ್ ಪರ್ವತಸಾಲಿನ ಆಚೆ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಕುದುರೆ ಕೈಗೆ ಬಂದ ಮೇಲೆ ಆ ದೂರದ ಪಯಣ ಇವರಿಗೆ ಸುಲಭವಾಯಿತು. ದಾರಿಗೆ ಇವರು ಇಟ್ಟ ಹೆಸರಿನ ಅರ್ಥವೇ 'ಬೈಸನ್ನಿನ ಕಡೆಗೆ ಹೋಗುವ ದಾರಿ'.

ಸುಲಭವೆಂದರೆ ಎಷ್ಟು ಸುಲಭ? 1805ರ ಸೆಪ್ಟೆಂಬರಿನಲ್ಲಿ ಲೂಯಿಸ್ ಮತ್ತು ಕ್ಲಾರ್ಕರ ಅನ್ವೇಷಕ ತಂಡ ಇದೇ ಬೆಟ್ಟಗಳನ್ನು ದಾಟಿತು. ಹಿಮ ಬಿತ್ತು, ಬೇಟೆ ಸಿಗಲಿಲ್ಲ, ಜೊತೆಗಿದ್ದ ಕುದುರೆಮರಿಗಳನ್ನೇ ಕೊಂದು ತಿನ್ನಬೇಕಾಯಿತು. ಮರುವರ್ಷ ಜೂನಿನಲ್ಲೂ ಹಿಮದ ಆಳ ಕಂಡು ಅವರು ಒಮ್ಮೆ ಹಿಂದಿರುಗಿದರು. ನೆಜ್ ಪರ್ಸ್ ದಾರಿಗರು ಜೊತೆಗೆ ಬಂದ ಮೇಲೆಯೇ ದಾಟಲಾಯಿತು. ಅದೇ ದಾರಿಯಲ್ಲಿ ಹೆಂಗಸರು ಮಕ್ಕಳ ಸಮೇತ ಹೋಗಿಬರುವುದು ಇವರಿಗೆ ವಾಡಿಕೆ.

ಈ ವಾಡಿಕೆಯ ಹಿಂದೆ ಹೆಂಗಸರ ದುಡಿಮೆ ಇತ್ತು. ಬೇಟೆಯ ಮೊದಲ ಆಯುಧ ನೆಲ ಅಗೆಯುವ ಕೋಲು ಎಂದರೆ ತಪ್ಪಾಗದು. ಬೇಸಿಗೆಯಲ್ಲಿ ಕಾಮಸ್ ಎಂಬ ನೀಲಿ ಹೂವಿನ ಗಿಡದ ಗಡ್ಡೆಗಳನ್ನು ಅವರು ಅಗೆದು ತೆಗೆಯುತ್ತಿದ್ದರು. ಬಿಸಿ ಕಲ್ಲುಗಳನ್ನು ಹಾಸಿದ ಗುಂಡಿಯಲ್ಲಿ ಅವನ್ನು ಮುಚ್ಚಿಟ್ಟು ದೀರ್ಘಕಾಲ ಬೇಯಿಸಿದರೆ ಸಿಹಿಯಾಗುತ್ತವೆ. ಆಮೇಲೆ ಒಣಗಿಸಿ, ಒಣಮೀನಿನ ಜೊತೆ ಚರ್ಮದ ಚೀಲಗಳಿಗೆ ತುಂಬುವುದು. ಬುತ್ತಿ ಸಿದ್ಧವಾಗದೆ ಪಯಣವಿಲ್ಲ.

ಬಿಲ್ಲಿನದು ಇನ್ನೊಂದು ಸೋಜಿಗ. ಬೆಟ್ಟದ ಕಾಡುಟಗರಿನ ಸುರುಳಿ ಕೊಂಬನ್ನು ಶಾಖಕ್ಕೆ ಹಿಡಿದು ಮೆತ್ತಗೆ ಮಾಡಿ, ನೇರಗೊಳಿಸಿ, ಬೆನ್ನಿಗೆ ಪ್ರಾಣಿಯ ನರಗಳನ್ನು ಅಂಟಿಸಿ ಮಾಡಿದ ಗಿಡ್ಡ ಬಿಲ್ಲು ಅದು. ಕುದುರೆಯ ಮೇಲೆ ಕುಳಿತು ಎಳೆಯಲು ಅನುಕೂಲ. ನೆರೆಯ ಜನಾಂಗಗಳು ಇದನ್ನು ಬೆಲೆ ಕೊಟ್ಟು ಪಡೆಯುತ್ತಿದ್ದವು. ಬಾಯಿಯಿಂದ ಮದ್ದು ತುಂಬುವ ಬಂದೂಕು ಬಂದ ಮೇಲೂ ಬಿಲ್ಲು ಮೂಲೆ ಸೇರಲಿಲ್ಲ. ಓಡುವ ಕುದುರೆಯ ಮೇಲೆ ಮದ್ದು ಜಡಿಯುವಷ್ಟರಲ್ಲಿ ಹಲವು ಬಾಣ ಬಿಡಬಹುದಲ್ಲ!

ಕುದುರೆಗಳಲ್ಲೂ ಹೊರೆಯದು ಬೇರೆ, ಬೇಟೆಯದು ಬೇರೆ. ಬೇಟೆಯ ಕುದುರೆಯನ್ನು ದಾರಿಯುದ್ದಕ್ಕೂ ದಣಿಯದಂತೆ ಕಾಪಾಡಬೇಕು. ಪೂರ್ಣ ಬೆಳೆದ ಗಂಡು ಬೈಸನ್ 900 ಕಿಲೊ ತೂಗಬಲ್ಲದು, ಗಂಟೆಗೆ 50 ಕಿಲೊಮೀಟರಿಗೂ ಮಿಗಿಲಾದ ವೇಗದಲ್ಲಿ ಓಡಬಲ್ಲದು. ಅದರ ಪಕ್ಕೆಗೆ ತಾಗುವಷ್ಟು ಹತ್ತಿರ ಹೋಗಿ, ಬಾಣ ಬಿಟ್ಟ ಕ್ಷಣವೇ ಹೊರಳಿ ದೂರ ಸರಿಯುವ ಧೈರ್ಯ ಕುದುರೆಗಿರಬೇಕು. ಅದು ಕಲಿಸಿ ಬರುವ ವಿದ್ಯೆ.

ಆಚೆ ಬಯಲಿನಲ್ಲಿ ಬ್ಲ್ಯಾಕ್‌ಫೀಟ್ ಜನಾಂಗದ ಭಯ. ಆದ್ದರಿಂದ ಸೇಲಿಷ್ ಮೊದಲಾದ ಸ್ನೇಹಿತ ಜನಾಂಗಗಳೊಡನೆ ಕೂಡಿ ದೊಡ್ಡ ಗುಂಪಾಗಿ ಹೋಗುವುದೇ ಕ್ಷೇಮ. ಕೆಲವರು ವರ್ಷವಿಡೀ ಅಲ್ಲೇ ಉಳಿದುಬಿಡುತ್ತಿದ್ದರು.

ಬೇಟೆಗಾಗಿ ಕಲಿತ ಈ ದಾರಿ 1877ರಲ್ಲಿ ಬೇರೆಯದಕ್ಕೆ ಬಳಕೆಯಾಯಿತು. ನೆಲ ಬಿಟ್ಟು ಚಿಕ್ಕ ಮೀಸಲು ಪ್ರದೇಶಕ್ಕೆ ಹೋಗಿರೆಂದು ಸರ್ಕಾರ ಒತ್ತಾಯಿಸಿದಾಗ ಯುದ್ಧ ಹೊತ್ತಿತು. ಸುಮಾರು 750 ಮಂದಿ ಸೈನ್ಯದಿಂದ ತಪ್ಪಿಸಿಕೊಂಡು ಅದೇ ಬೆಟ್ಟ ದಾಟಿದರು. ಬೇಟೆಯಲ್ಲಿ ಜೊತೆಗಾರರಾಗಿದ್ದ ಕ್ರೋ ಜನ ಆಶ್ರಯ ಕೊಡಬಹುದೆಂಬ ಆಸೆ ಅವರಿಗಿತ್ತು. ಅದು ಕೈಗೂಡಲಿಲ್ಲ. ಕೆನಡಾ ಗಡಿ ಇನ್ನು ಸುಮಾರು 65 ಕಿಲೊಮೀಟರ್ ಇದೆ ಎನ್ನುವಾಗ, ಅಕ್ಟೋಬರಿನಲ್ಲಿ, ಜೋಸೆಫ್ ನಾಯಕ ಶರಣಾದ. ಮುಂದಿನ ಕೆಲವೇ ವರ್ಷಗಳಲ್ಲಿ ಚರ್ಮದ ವ್ಯಾಪಾರಿಗಳು ಉತ್ತರದ ಬೈಸನ್ ಹಿಂಡುಗಳನ್ನೂ ಮುಗಿಸಿದರು.

ಅಳಿಯದೆ ಉಳಿದದ್ದು ಒಂದು ಕಾಗದ. ತೆರೆದ, ಯಾರೂ ಹಕ್ಕು ಸಾಧಿಸದ ನೆಲದಲ್ಲಿ ಬೇಟೆಯಾಡುವ ಹಕ್ಕನ್ನು 1855ರ ಒಪ್ಪಂದ ಇವರಿಗೆ ಕೊಟ್ಟಿತ್ತು. ಅದರ ಬಲದ ಮೇಲೆ 2006ರಲ್ಲಿ ನೆಜ್ ಪರ್ಸ್ ಬೇಟೆಗಾರರು ಮತ್ತೆ ಬೈಸನ್ ಬೇಟೆಗೆ ಹೋದರು. ಯೆಲ್ಲೋಸ್ಟೋನ್ ಉದ್ಯಾನದೊಳಗೆ ಬೇಟೆ ನಿಷಿದ್ಧ. ಚಳಿಗಾಲದಲ್ಲಿ ಹಿಮ ಹೆಚ್ಚಿ, ಮೇವು ಹುಡುಕುತ್ತ ಹಿಂಡುಗಳು ಗಡಿಯ ಹೊರಗೆ ಕಾಲಿಡುವವರೆಗೆ ಕಾಯಬೇಕು. ಹೆಗಲಲ್ಲೀಗ ರೈಫಲ್ಲು, ಮಾಂಸ ಹೊರಲು ಟ್ರಕ್ಕು. ಹೊರಡುವುದು ಮಾತ್ರ ಇಂದಿಗೂ ಪೂರ್ವಕ್ಕೆ, ಬೆಟ್ಟ ದಾಟಿಯೇ.