ಗೂಟ, ಹಗ್ಗ, ಕಾಡು

ಮಳೆಗಾಲದ ಚಾರಣದ ಬಗ್ಗೆ ಹೋದ ತಿಂಗಳು ಈ ಕಾರ್ಯಕ್ರಮದಲ್ಲಿ ಮಾತಾಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿವೆ. ಬರೆದವರಲ್ಲಿ ತಾಯಂದಿರೇ ಜಾಸ್ತಿ. ಮಗ ಒಬ್ಬನೇ ಬೆಟ್ಟ ಹತ್ತಲು ಹೋಗುತ್ತಾನೆ, ಬೇಡ ಅಂದರೆ ಕೇಳುವುದಿಲ್ಲ. ಕೈಯಲ್ಲಿ ಮೊಬೈಲ್ ಇದೆ, ಮೇಲೆ ಉಪಗ್ರಹ ಇದೆ, ಈಗ ಡ್ರೋನ್ ಬೇರೆ ಬಂದಿದೆ. ಇಷ್ಟೆಲ್ಲ ಇದ್ದೂ ಒಂದು ಬೆಟ್ಟದಲ್ಲಿ ತಪ್ಪಿಸಿಕೊಂಡವನನ್ನು ಹುಡುಕಲು ಮೂರು ನಾಲ್ಕು ದಿನ ಯಾಕೆ ಹಿಡಿಯುತ್ತದೆ? ಒಬ್ಬ ಹಿರಿಯರಂತೂ ಸ್ವಲ್ಪ ಖಾರವಾಗಿಯೇ ಬರೆದಿದ್ದಾರೆ: ಹುಡುಕಲು ಹೋದವರು ಟೀ ಕುಡಿಯುತ್ತಾ ಕೂತಿರುತ್ತಾರೆಯೇ ಅಂತ.

ಟೀ ಕುಡಿಯುತ್ತೇವೆ ಸ್ವಾಮಿ. ಬೆಳಗಿನಿಂದ ಇಂಬಳ ಕಿತ್ತು ಕಿತ್ತು ಸುಸ್ತಾದವರು ಕುಡಿಯದೆ ಏನು ಮಾಡುತ್ತಾರೆ? ಘಟ್ಟದ ಕಾಡಿನಲ್ಲೇ ನೌಕರಿ ಮಾಡಿ ನಿವೃತ್ತನಾದವನು ನಾನು. ಇಂಥ ಹುಡುಕಾಟಕ್ಕೆ ಒಂಬತ್ತೋ ಹತ್ತೋ ಸಲ ಹೋಗಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ.

ಮೊದಲು ಮೊಬೈಲ್ ವಿಷಯ ಮುಗಿಸಿಬಿಡೋಣ. ಫೋನು ತಾನೆಲ್ಲಿದ್ದೇನೆ ಎಂದು ತಿಳಿದುಕೊಳ್ಳಲು ಟವರ್ ಬೇಕಿಲ್ಲ, ಸಿಮ್ ಕೂಡ ಬೇಕಿಲ್ಲ. ಉಪಗ್ರಹದ ಸಂಕೇತ ಕಿವಿಗೆ ಬಿದ್ದರೆ ಸಾಕು. ಆದರೆ ಅದನ್ನು ಇನ್ನೊಬ್ಬರಿಗೆ ಹೇಳಬೇಕಾದರೆ ಸಾಮಾನ್ಯ ಫೋನಿಗೆ ಟವರ್ ಬೇಕೇ ಬೇಕು. ಅಂದರೆ ಕಾಡಿನ ಮಧ್ಯೆ ಫೋನಿಗೆ ಕಿವಿ ಇದೆ, ಬಾಯಿ ಇಲ್ಲ. ಕೊನೆಯ ಸಲ ಯಾವ ಟವರಿಗೆ ಸಿಕ್ಕಿತ್ತು ಎಂದು ಪೊಲೀಸರು ತೆಗೆಸಬಹುದು. ಪೇಟೆಯಲ್ಲಾದರೆ ಅದರಿಂದ ನಾಲ್ಕು ಬೀದಿ ಗೊತ್ತಾಗುತ್ತದೆ. ಘಟ್ಟದಲ್ಲಿ ಒಂದು ಟವರಿನ ಹರವಿನೊಳಗೆ ಇಡೀ ಬೆಟ್ಟದ ಮೈ ಬರುತ್ತದೆ. ಡ್ರೋನಿನ ಶಾಖ ಹಿಡಿಯುವ ಕ್ಯಾಮೆರಾ ಬೋಳು ಹುಲ್ಲುಗಾವಲಿನಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಮರಗಳು ಒಂದಕ್ಕೊಂದು ತಲೆ ತಾಗಿಸಿ ನಿಂತ ಶೋಲಾ ಕಾಡಿನಲ್ಲಿ ಅದಕ್ಕೆ ಕಾಣುವುದು ಎಲೆ ಮಾತ್ರ. ಇನ್ನು ಉಪಗ್ರಹ ಫೋನು ತರಿಸಿ ಕೊಡಲೇ ಎಂದು ಕೇಳಿದ್ದೀರಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ವಿದೇಶದಿಂದ ಚಾರಣಕ್ಕೆ ಬಂದವರೇ ಅದರಿಂದ ಪೊಲೀಸ್ ಠಾಣೆಯಲ್ಲಿ ಕೂರಬೇಕಾಗಿ ಬಂದದ್ದಿದೆ.

ಈಗ ವಿಷಯಕ್ಕೆ ಬರೋಣ. ಗೂಟಕ್ಕೆ ಕಟ್ಟಿದ ಹಸು ನೋಡಿದ್ದೀರಿ. ಹಗ್ಗ ಎರಡರಷ್ಟು ಉದ್ದ ಬಿಟ್ಟರೆ ಅದು ಮೇಯುವ ಹುಲ್ಲು ಎರಡರಷ್ಟಾಗುತ್ತದೆಯೇ? ಇಲ್ಲ, ನಾಲ್ಕರಷ್ಟಾಗುತ್ತದೆ. ಮೂರರಷ್ಟು ಬಿಟ್ಟರೆ ಒಂಬತ್ತರಷ್ಟು. ಹುಡುಕಾಟದ ಕಷ್ಟವೆಲ್ಲ ಈ ಹಗ್ಗದಲ್ಲಿದೆ.

ಒಬ್ಬ ಹುಡುಗ ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಹೊರಟ ಎಂದುಕೊಳ್ಳಿ. ಗಿರಿಗದ್ದೆ ಭಟ್ಟರ ಮನೆಯಲ್ಲಿ ಊಟ ಮಾಡಿದ್ದನ್ನು ಕಂಡವರಿದ್ದಾರೆ. ಶೇಷಪರ್ವತ ದಾಟಿ ಕಾಡಿನೊಳಗೆ ಹೊಕ್ಕಿದ್ದನ್ನೂ ಒಬ್ಬರು ಕಂಡಿದ್ದಾರೆ. ಆಮೇಲೆ ಕಂಡವರಿಲ್ಲ. ಕೊನೆಗೆ ಕಂಡ ಆ ಜಾಗವೇ ನಮಗೆ ಗೂಟ. ಅವನು ಅಲ್ಲಿಂದ ಎಷ್ಟು ದೂರ ನಡೆದಿರಬಹುದೋ ಅದೇ ಹಗ್ಗ. ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ ನಿಂತುಬಿಟ್ಟಿದ್ದರೆ, ಒಂದು ಕಿಲೋಮೀಟರ್ ಒಳಗೆ ಇದ್ದಾನೆ ಎಂದಿಟ್ಟುಕೊಳ್ಳಿ. ಆ ವೃತ್ತದ ವಿಸ್ತೀರ್ಣ ಸುಮಾರು 775 ಎಕರೆ. ಎರಡು ಕಿಲೋಮೀಟರ್ ನಡೆದಿದ್ದರೆ 3,100 ಎಕರೆ. ಮೂರು ನಡೆದಿದ್ದರೆ ಹತ್ತಿರ ಹತ್ತಿರ 7,000.

ಈಗ ಹುಡುಕುವವರ ಕಡೆಯಿಂದ ನೋಡಿ. ಇಪ್ಪತ್ತು ಜನ ಸಾಲಾಗಿ ನಿಲ್ಲುತ್ತೇವೆ, ಒಬ್ಬರಿಂದೊಬ್ಬರಿಗೆ ಹತ್ತು ಮೀಟರ್. ಕುರುಚಲು, ಬೆತ್ತದ ಮುಳ್ಳು, ಜಾರುವ ಬಂಡೆಗಳ ನಡುವೆ ಸಾಲು ಮುರಿಯದೆ ಹೋದರೆ ಗಂಟೆಗೆ ಅರ್ಧ ಕಿಲೋಮೀಟರ್ ದೊಡ್ಡದು. ಅಲ್ಲಿಗೆ ಗಂಟೆಗೆ 25 ಎಕರೆ, ಎಂಟು ಗಂಟೆ ದುಡಿದರೆ ದಿನಕ್ಕೆ 200 ಎಕರೆ. ಮೊದಲನೆಯ ವೃತ್ತಕ್ಕೆ ನಾಲ್ಕು ದಿನ. ಎರಡನೆಯದಕ್ಕೆ ಹದಿನೈದು ದಿನಕ್ಕೂ ಮಿಕ್ಕಿ. ಮೂರನೆಯದಕ್ಕೆ ಮೂವತ್ತೈದು ದಿನ! ನಿಜ, ನಾವು ಎಕರೆ ಲೆಕ್ಕದಲ್ಲಿ ಗುಡಿಸುತ್ತಾ ಹೋಗುವುದು ಕೊನೆಗೆ. ಮೊದಲು ಕವಲುದಾರಿ, ಹಳ್ಳ ದಾಟುವ ಜಾಗ, ದಿಬ್ಬದ ನೆತ್ತಿ, ಹೀಗೆ ಸಿಗುವ ಸಂಭವ ಇರುವಲ್ಲೆಲ್ಲ ಓಡುತ್ತೇವೆ, ಊರಿಗಿಳಿಯುವ ದಾರಿಗಳಲ್ಲಿ ಕಾವಲು ಹಾಕುತ್ತೇವೆ. ಆದರೂ ಲೆಕ್ಕ ಲೆಕ್ಕವೇ. ಹುಡುಗ ಇನ್ನೊಂದು ಕಿಲೋಮೀಟರ್ ನಡೆದರೆ ಹತ್ತಾರು ಜನರ ಎಷ್ಟೋ ದಿನದ ದುಡಿಮೆ ನೀರಿಗೆ ಹೋಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಎಷ್ಟು ಸಲ ಹೇಳಿದರೂ ಜನಕ್ಕೆ ಹಿಡಿಸುವುದಿಲ್ಲ, ಆದ್ದರಿಂದ ಮತ್ತೆ ಹೇಳುತ್ತೇನೆ. ಇವತ್ತು ಒಂದು ಕಣಿವೆಯನ್ನು ಪೂರ್ತಿ ನೋಡಿ, ಇಲ್ಲಿಲ್ಲ ಎಂದು ನಕ್ಷೆಯಲ್ಲಿ ಗೀಟು ಹಾಕುತ್ತೇವೆ. ಆ ರಾತ್ರಿ ಅವನು ಪಕ್ಕದ ಕಣಿವೆಯಿಂದ ನಡೆದು ಬಂದು ಈ ಕಣಿವೆಗೆ ಇಳಿಯುತ್ತಾನೆ. ನಾಳೆಯಿಂದ ನಾವು ಎಲ್ಲ ಕಡೆ ಹುಡುಕುತ್ತೇವೆ, ಅವನಿರುವ ಜಾಗ ಒಂದನ್ನು ಬಿಟ್ಟು. ಕೂತವನನ್ನು ಹುಡುಕುವಾಗ ಪ್ರತಿ ದಿನ ಕಾಡು ಸಣ್ಣದಾಗುತ್ತಾ ಬರುತ್ತದೆ. ನಡೆಯುವವನನ್ನು ಹುಡುಕುವಾಗ ಹುಡುಕಿಯಾದ ಕಾಡೆಲ್ಲ ಮತ್ತೆ ಹುಡುಕದ ಕಾಡಾಗುತ್ತದೆ. ತುಂಬಿದ ಕೊಡ ಹಿಂದಿನಿಂದ ಸೋರಿದ ಹಾಗೆ. ದಾರಿ ತಪ್ಪಿದರೆ ಇದ್ದಲ್ಲೇ ಕೂರಿ ಎನ್ನುವುದು ಅದಕ್ಕೇ.

ನೇರ ಒಂದೇ ದಿಕ್ಕಿಗೆ ನಡೆದರೆ ಎಲ್ಲಾದರೂ ರಸ್ತೆ ಸಿಗಲೇಬೇಕಲ್ಲ, ಎನ್ನುತ್ತಾರೆ. ನೇರ ನಡೆಯಲು ಬಂದರೆ ತಾನೆ! ಜರ್ಮನಿಯ ಟ್ಯೂಬಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಸಪಾಟಾದ ಒಂದು ಕಾಡಿನಲ್ಲಿ ಜನರನ್ನು ಬಿಟ್ಟು, ನೇರ ನಡೆಯಿರಿ ಎಂದರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚುಕಡಿಮೆ ನೇರ ಹೋದರು. ಮೋಡ ಕವಿದಾಗ ಸುತ್ತು ಹಾಕಿ ತಮ್ಮದೇ ಹೆಜ್ಜೆಯನ್ನು ಅಡ್ಡ ದಾಟಿದರು, ದಾಟಿದ್ದು ತಮಗೆ ಗೊತ್ತೇ ಆಗದೆ. ಕಣ್ಣಿಗೆ ಬಟ್ಟೆ ಕಟ್ಟಿದಾಗ ಸುತ್ತಿನ ಅಗಲ ಕೆಲವೊಮ್ಮೆ ಇಪ್ಪತ್ತು ಮೀಟರಿಗೆ ಇಳಿಯಿತು. ಒಂದು ಕಾಲು ಗಿಡ್ಡ ಇರುವುದರಿಂದ ಹೀಗಾಗುತ್ತದೆ ಎನ್ನುವ ಮಾತಿದೆಯಲ್ಲ, ಅದೂ ಸುಳ್ಳೆಂದು ಕಂಡಿತು. ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ಒಂದು ಬಳ್ಳಿ ತುಳಿದರೆ ದಿಕ್ಕು ತಪ್ಪುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬಳ್ಳಿಯ ಮೇಲೆ ಅನ್ಯಾಯವಾಗಿ ಅಪವಾದ. ಮೋಡ ಸಾಕು, ಮಂಜು ಸಾಕು. ನಮ್ಮ ಘಟ್ಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅವೆರಡನ್ನು ಬಿಟ್ಟು ಇನ್ನೇನಿದೆ?

ಎರಡನೆಯ ತಪ್ಪು ನಂಬಿಕೆ, ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವುದು. ಸಿಕ್ಕಿದವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಬಂಡಾಜೆ ಅರ್ಬಿ ಜಲಪಾತದ ನೆತ್ತಿಯಲ್ಲಿ ನಿಂತು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಸದ್ದಿಲ್ಲದೆ ಹುಲ್ಲಿನ ನಡುವೆ ಹರಿದು ಬಂದ ನೀರು ಅಲ್ಲಿ ಒಮ್ಮೆಗೇ ಇಲ್ಲವಾಗುತ್ತದೆ. ಪಶ್ಚಿಮ ಘಟ್ಟದ ನೀರಿಗೆ ಇಳಿಯುವ ಅಭ್ಯಾಸ ಕಡಿಮೆ, ಧುಮುಕುವ ಅಭ್ಯಾಸವೇ ಜಾಸ್ತಿ. ನೀರು ಧುಮುಕಿದಲ್ಲಿ ನೀವು ಧುಮುಕಲು ಆಗುವುದಿಲ್ಲ, ಹಿಂದೆ ಹತ್ತಲು ಶಕ್ತಿ ಇರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಸಿಕ್ಕಿಕೊಂಡೆ. ಕ್ಯಾಂಪಿನಿಂದ ಮುನ್ನೂರು ಮೀಟರ್ ಹೋಗಿದ್ದೆನೋ ಏನೋ, ವಾಪಸ್ ದಾರಿ ಗೊತ್ತಾಗಲಿಲ್ಲ. ಯಾರಿಗೂ ಹೇಳದೆ ಹೋಗಿದ್ದೆ, ನಾಚಿಕೆಗೆ ಕೂಗಲೂ ಇಲ್ಲ. ಹಳ್ಳ ಸಿಕ್ಕಿತು, ಇಳಿದೆ. ಕತ್ತಲಾದಾಗ ಹಳ್ಳದ ಪಕ್ಕದ ಬಂಡೆಯ ಕೆಳಗೆ ಮುದುರಿ ಕೂತೆ. ಬೆಳಿಗ್ಗೆ ನನ್ನನ್ನು ಕಂಡುಹಿಡಿದದ್ದು ಮಲೆಕುಡಿಯ ಸಮುದಾಯದ ಒಬ್ಬ ಅರಣ್ಯ ವಾಚರ್. ಮುರಿದ ಜರಿಗಿಡ, ಮಗುಚಿದ ಕಲ್ಲು ನೋಡಿಕೊಂಡೇ ಬಂದಿದ್ದ. ಅವನು ಮೊದಲು ಕೇಳಿದ್ದು, "ರಾತ್ರಿ ಇಲ್ಲೇ ಮೇಲೆ ನಿಂತು ಅಷ್ಟು ಕೂ ಹಾಕಿದೆವಲ್ಲ ಸಾರ್, ಓಗೊಡಲಿಲ್ಲ ಯಾಕೆ?" ಕೇಳಿಸಿದ್ದರೆ ಓಗೊಡುತ್ತಿದ್ದೆ. ನನ್ನ ಕಿವಿಯ ಪಕ್ಕದಲ್ಲೇ ಹಳ್ಳ ಭೋರ್ಗರೆಯುತ್ತಿತ್ತು. ಇಪ್ಪತ್ತು ಜನ ಕೂಗಿದ್ದರೂ ಕೇಳಿಸುತ್ತಿರಲಿಲ್ಲ, ನಾನು ಕೂಗಿದ್ದರೂ ಅವರಿಗೆ ಮುಟ್ಟುತ್ತಿರಲಿಲ್ಲ. ನೀರು ಕುಡಿಯಲು ಹಳ್ಳಕ್ಕೆ ಹೋಗಿ. ಕೂರುವುದು ಮಾತ್ರ ಹಳ್ಳದ ಸದ್ದು ಸಣ್ಣದಾಗುವಷ್ಟು ದೂರದಲ್ಲಿ.

ಹಿಂದೊಮ್ಮೆ ಇದೇ ಕೂತಿರುವ ಮಾತು ಆಡಿದ್ದಕ್ಕೆ ಮೈಸೂರಿನ ಒಬ್ಬ ಕೇಳುಗರು ಅಮೆರಿಕದ ಒಂದು ಪ್ರಕರಣ ಎತ್ತಿ ನನ್ನನ್ನು ಹಿಡಿದುಹಾಕಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆ ದೇಶದ ಪೂರ್ವ ಭಾಗದಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ, ಜಾರ್ಜಿಯಾದಿಂದ ಮೇನ್ ತನಕ 14 ರಾಜ್ಯ ದಾಟುವ ಸುಮಾರು 3,500 ಕಿಲೋಮೀಟರ್ ದಾರಿ. 2013ರ ಜುಲೈ 22ರಂದು 66 ವರ್ಷದ ಒಬ್ಬ ಮಹಿಳೆ ಮೇನ್‌ನ ಕಾಡಿನಲ್ಲಿ ಬಹಿರ್ದೆಸೆಗೆಂದು ದಾರಿ ಬಿಟ್ಟು ಒಳಗೆ ಹೋದರು. ತಿರುಗಿ ದಾರಿ ಸಿಗಲಿಲ್ಲ. ಗಂಡ ಮುಂದಿನ ರಸ್ತೆ ಸೇರುವಲ್ಲಿ ಕಾರಿಟ್ಟುಕೊಂಡು ಕಾಯುತ್ತಿದ್ದರು. ದಾರಿ ತಪ್ಪಿದೆ, ಸಹಾಯಕ್ಕೆ ಹೇಳು ಎಂದು ಅವರಿಗೆ ಮೊಬೈಲಿನಲ್ಲಿ ಸಂದೇಶ ಬರೆದರು. ಸಿಗ್ನಲ್ ಇಲ್ಲದೆ ಹೋಗಲಿಲ್ಲ. ಸಿಗ್ನಲ್ ಹುಡುಕುತ್ತಾ ಮೇಲಕ್ಕೆ ಹತ್ತಿದರು, ಮತ್ತೆ ಮತ್ತೆ ಕಳಿಸಿ ನೋಡಿದರು. ಕೊನೆಗೆ ಒಂದು ಕಡೆ ಗುಡಾರ ಹಾಕಿ ಕೂತರು. ದೊಡ್ಡ ಹುಡುಕಾಟ ನಡೆಯಿತು. ನಾಯಿಗಳ ಒಂದು ತಂಡ ಆ ಗುಡಾರದ ಸುಮಾರು ನೂರು ಗಜದಷ್ಟು ಹತ್ತಿರ ಹಾದುಹೋಗಿತ್ತು ಎಂದು ಆಮೇಲೆ ಗೊತ್ತಾಯಿತು. ಅವರು ಬರೆದಿಟ್ಟ ದಿನಚರಿಯಲ್ಲಿ ಆಗಸ್ಟ್ 18ರ ತನಕ ತಾರೀಕುಗಳಿವೆ. ಗುಡಾರ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ, ದಾರಿಯಿಂದ ಎರಡು ಮೈಲಿಯ ಒಳಗೆ.

ಕೂತರಲ್ಲ, ಏನಾಯಿತು ಎಂದು ಕೇಳುತ್ತಾರೆ ಮೈಸೂರಿನವರು. ನನಗೆ ಕಾಣುವುದು ಇಷ್ಟು. ಅವರು ಕೂತರು ನಿಜ, ಆದರೆ ಕೂರುವ ಮೊದಲು ಹತ್ತಿದರು. ದಾರಿಯಿಂದ ಕೆಲವು ಹೆಜ್ಜೆಯಲ್ಲಿದ್ದಾಗಲೇ ನಿಂತಿದ್ದರೆ ಹಗ್ಗ ಗಿಡ್ಡ ಇರುತ್ತಿತ್ತು. ಸಿಗ್ನಲ್ಲಿನ ಆಸೆ ಹಗ್ಗವನ್ನು ಉದ್ದ ಮಾಡಿತು. ಕೂತದ್ದೂ ದಟ್ಟ ಮರಗಳ ಅಡಿಯಲ್ಲಿ, ಮೇಲಿನಿಂದ ಕಾಣದ ಕಡೆ. ಆ ತಾಯಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಹೊತ್ತಿಗೆ ನಾನಿದ್ದರೂ ಫೋನ್ ಎತ್ತಿ ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದೆನೋ ಏನೋ. ಮೇಲೆ ಸಿಗ್ನಲ್ ಇದೆ ಎಂದು ಮೊದಲೇ ಗೊತ್ತಿದ್ದರೆ, ಬಂದ ದಾರಿಗೆ ಗುರುತು ಹಾಕುತ್ತಾ ಹತ್ತಿ. ಇರಬಹುದು ಎಂಬ ಊಹೆಯ ಮೇಲೆ ಹತ್ತಬೇಡಿ. ಬಹಿರ್ದೆಸೆಗೆ ದಾರಿ ಬಿಡುವಾಗ ಟವೆಲನ್ನೋ ಟೋಪಿಯನ್ನೋ ದಾರಿಯಂಚಿನ ಗಿಡಕ್ಕೆ ಕಟ್ಟಿ, ಅದು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗಿ. ಬ್ಯಾಗು ಬೆನ್ನ ಮೇಲೇ ಇರಲಿ. ಅನೇಕರು ಅದನ್ನೇ ದಾರಿಯಲ್ಲಿ ಬಿಟ್ಟು ಹೋಗುತ್ತಾರೆ, ನೀರು ಬೆಂಕಿಪೊಟ್ಟಣ ಎಲ್ಲ ಅದರಲ್ಲೇ ಇರುತ್ತದೆ.

ಸ್ಟುಡಿಯೊದ ಗಾಜಿನ ಆಚೆಯಿಂದ ಕೈಸನ್ನೆ ಬಂತು. ಹಗ್ಗದ ವಿಷಯಕ್ಕೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೂತಾಗ ಹುಲಿ ಚಿರತೆಯ ಹೆದರಿಕೆಗಿಂತ ಒದ್ದೆ ಬಟ್ಟೆಯ ಹೆದರಿಕೆ ಇರಲಿ. ನಮ್ಮ ಘಟ್ಟದ ಸಾಧಾರಣ ಚಳಿಯಲ್ಲೂ ನೆನೆದ ಮೈಗೆ ಗಾಳಿ ಬಡಿದರೆ ಶಾಖ ಇಳಿಯುತ್ತಾ ಹೋಗಿ ಬುದ್ಧಿ ಮಂಕಾಗುತ್ತದೆ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿರಲಿ. ಆನೆ ಓಡಾಡಿದ ಗುರುತು ಕಂಡ ದಾರಿಯಲ್ಲಿ ಮಾತ್ರ ಕೂರಬೇಡಿ. ಸೀಟಿ ಇಟ್ಟುಕೊಳ್ಳಿ, ಮೂರು ಸಲ ಊದಿ, ಸುಮ್ಮನಿದ್ದು ಕೇಳಿ, ಮತ್ತೆ ಊದಿ. ಗಂಟಲು ಒಂದು ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ, ಸೀಟಿಗೆ ಕಟ್ಟಿಕೊಳ್ಳುವುದಿಲ್ಲ. ಸಿಗ್ನಲ್ ಹುಡುಕುವ ಫೋನು ಬೇಗ ಸಾಯುತ್ತದೆ. ಫ್ಲೈಟ್ ಮೋಡಿನಲ್ಲಿಟ್ಟು ಗಂಟೆಗೊಮ್ಮೆ ತೆಗೆದು 112 ಪ್ರಯತ್ನಿಸಿ, ಮನೆಗೆ ಎಸ್ಸೆಮ್ಮೆಸ್ ಕಳಿಸಿ ನೋಡಿ. ಮಾತು ಹೋಗದ ಕಡೆ ಅದು ಕೆಲವೊಮ್ಮೆ ನುಸುಳುತ್ತದೆ.

ಇನ್ನು ಮನೆಯಲ್ಲಿರುವವರಿಗೆ. ಇಪ್ಪತ್ತನಾಲ್ಕು ಗಂಟೆ ಕಳೆಯದೆ ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎಂದು ಮನೆಯಲ್ಲೇ ಕೂರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅಂಥ ಕಾನೂನು ಯಾವುದೂ ಇಲ್ಲ. ಸಿನಿಮಾದಿಂದ ಕಲಿತದ್ದು. ಸಂಜೆ ಇಳಿಯಬೇಕಾದವನು ರಾತ್ರಿಯಾದರೂ ಇಳಿಯದಿದ್ದರೆ ಆಗಲೇ ಠಾಣೆಗೂ ಅರಣ್ಯ ಇಲಾಖೆಗೂ ತಿಳಿಸಿ. ವಾಟ್ಸಾಪಿನಲ್ಲಿ ಸುದ್ದಿ ಹಾಕಿ ನೂರು ಜನರನ್ನು ಕಾಡಿಗೆ ನುಗ್ಗಿಸಬೇಡಿ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ, ಹೆಜ್ಜೆ ಗುರುತೆಲ್ಲ ಅಳಿಸಿಹೋಗುತ್ತದೆ, ನಾಯಿಗೆ ಯಾರ ವಾಸನೆ ಹಿಡಿಯಬೇಕೆಂದು ತಿಳಿಯುವುದಿಲ್ಲ. ಬೆವರು ಕುಡಿದ, ತೊಳೆಯದ ಅವನ ಬನಿಯನ್ನೋ ಕಾಲುಚೀಲವೋ ಇದ್ದರೆ ಯಾರೂ ಮುಟ್ಟದೆ ಹಾಗೇ ಒಂದು ಹೊಸ ಕವರಿಗೆ ಹಾಕಿ ಕೊಡಿ.

ಮಗ ಹೊರಡುವ ದಿನ ಒಂದು ಚೀಟಿ ಬರೆಸಿಕೊಳ್ಳಿ: ಯಾವ ದಾರಿಯಲ್ಲಿ ಹತ್ತುತ್ತಾನೆ, ಯಾವ ದಾರಿಯಲ್ಲಿ ಇಳಿಯುತ್ತಾನೆ, ಬೈಕ್ ಎಲ್ಲಿಡುತ್ತಾನೆ, ಎಷ್ಟು ಗಂಟೆಗೆ ಫೋನ್ ಮಾಡುತ್ತಾನೆ. ಅಂಗಿಯ ಬಣ್ಣವನ್ನೂ ಬರೆಯಲಿ. ಹಸಿರು, ಕಂದು ಹಾಕಿಕೊಂಡು ಹೊರಟರೆ ಬಾಗಿಲಲ್ಲೇ ತಡೆದು ಕಿತ್ತಳೆಯದೋ ಕೆಂಪಿನದೋ ಹಾಕಿಸಿ. ಶೂ ಬಿಚ್ಚಿಟ್ಟಾಗ ಅದರ ಅಡಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅದಕ್ಕೆ ಅವನು ನಗುತ್ತಾನೆ, ನಗಲಿ. ಕೆಸರಿನಲ್ಲಿ ಹತ್ತಾರು ಹೆಜ್ಜೆಗಳ ನಡುವೆ ಅವನದು ಯಾವುದು ಎಂದು ಅಂಥ ವಾಚರ್ ಒಬ್ಬ ಕೇಳಿದಾಗ ತೋರಿಸಲು ನಿಮ್ಮ ಹತ್ತಿರ ಅದೊಂದಿರುತ್ತದೆ.

ಮುಂದಿನ ವಾರ ಹಾವು ಕಡಿತದ ಪತ್ರಗಳನ್ನು ತೆಗೆದುಕೊಳ್ಳುತ್ತೇನೆ.