ಘಟ್ಟ ದಾಟುವ ಗಂಟೆಗಳ ಲೆಕ್ಕ



ಬೆಂಗಳೂರಿನಿಂದ ಮಂಗಳೂರಿಗೆ ಆಕಾಶಮಾರ್ಗ ಸುಮಾರು 300 ಕಿ.ಮೀ.; ವಿಮಾನಕ್ಕೆ ಒಂದು ಗಂಟೆ ಸಾಕು. ಶಿರಾಡಿ ಘಾಟಿಯ ರಸ್ತೆ ಸುಮಾರು 350 ಕಿ.ಮೀ.; ಬಸ್ಸಿಗೆ ಏಳೆಂಟು ಗಂಟೆ. ಈ ಅಂತರ ಕಂಡವರು ಘಟ್ಟವನ್ನು ಅಡ್ಡಿಯೆಂದೇ ಬಗೆಯುತ್ತಾರೆ.

ಆದರೆ ಆ ಒಂದು ಗಂಟೆಯ ಲೆಕ್ಕ ಅಪೂರ್ಣ. ಬೆಂಗಳೂರಿನ ನಿಲ್ದಾಣವಿರುವುದು ದೂರದ ದೇವನಹಳ್ಳಿಯ ಬಳಿ. ಮಂಗಳೂರಿನದು ಬಜ್ಪೆಯ ಗುಡ್ಡದ ಮೇಲೆ. ಅಲ್ಲಿಗೆ ಹೋಗಿ, ಕಾದು, ಇಳಿದು ಊರು ಸೇರುವಷ್ಟರಲ್ಲಿ ನಾಲ್ಕೈದು ಗಂಟೆ ಕಳೆದಿರುತ್ತದೆ.

ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ 55 ಕಿ.ಮೀ. ಅಂತರದಲ್ಲಿ 57 ಸುರಂಗಗಳನ್ನು ಹಾಯುತ್ತದೆ. ಅಲ್ಲಿ ರೈಲು ನಿಧಾನವಾಗಿಯೇ ಸಾಗಬೇಕು. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈನಲ್ಲಿಯೂ ಗುಡ್ಡ ಕುಸಿದು ರಸ್ತೆ, ರೈಲು ಎರಡೂ ನಿಂತವು. ರಸ್ತೆ ಅಗಲಿಸಲು ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದರೆ, ಮಳೆಯಲ್ಲಿ ನೆನೆದ ಮಣ್ಣು ಆಸರೆಯಿಲ್ಲದೆ ಜಾರುತ್ತದೆ. ಅರ್ಧ ಗಂಟೆ ಉಳಿಸಹೊರಟವರು ದಿನಗಟ್ಟಲೆ ಕಾಯಬೇಕಾಗುತ್ತದೆ.

ಈ ಕಾಡಿನ ಕೆಂಪುಹೊಳೆಯ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗಳಿಗೆ ಹರಿಯುತ್ತದೆ. ಪ್ರಯಾಣದ ಹೊತ್ತನ್ನು ಎಣಿಸುವವರು ಈ ನೀರನ್ನೂ ಲೆಕ್ಕಕ್ಕೆ ಹಿಡಿಯಲಿ. ಘಟ್ಟದಲ್ಲಿ ಹೊಸ ರಸ್ತೆಯ ನಕ್ಷೆ ಬರೆಯುವ ಮುನ್ನ ಇರುವ ಇಳಿಜಾರುಗಳನ್ನು ಭದ್ರಪಡಿಸಲಿ.