ಶುಶ್ರೂಷಾ ಸಹಾಯಕರ ಶಿಕ್ಷಣ



ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ನಮಗೆ ಮೊದಲು ನೆನಪಾಗುವವರು ವೈದ್ಯರು. ಆದರೆ ವೈದ್ಯರು ರೋಗಿಯ ಬಳಿ ಇರುವುದು ಕೆಲವೇ ನಿಮಿಷ. ಉಳಿದ ಹೊತ್ತಿನಲ್ಲಿ ರೋಗಿಯ ಮೈ ಒರೆಸಿ, ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ಮಲಮೂತ್ರ ವಿಸರ್ಜನೆಗೆ ನೆರವಾಗಿ, ಮಗ್ಗುಲು ಹೊರಳಿಸಿ ಮಲಗಿಸುವವರು ಬೇರೆಯವರು. ಆಸ್ಪತ್ರೆಗಳಲ್ಲಿ ದಾದಿಯರ ಕೈಕೆಳಗೆ ಈ ಕೆಲಸಗಳನ್ನು ನಿರ್ವಹಿಸುವವರನ್ನು ಶುಶ್ರೂಷಾ ಸಹಾಯಕರೆನ್ನುತ್ತಾರೆ. ಈ ವೃತ್ತಿಗೆ ಸೇರಬಯಸುವ ತರುಣ ತರುಣಿಯರು ಯಾವ ಬಗೆಯ ಶಿಕ್ಷಣವನ್ನು ಆರಿಸಿಕೊಳ್ಳಬೇಕೆಂಬುದು ಈ ಹೊತ್ತಿನ ವಿಚಾರ.

ಇದು ತಮಗೆ ಸಂಬಂಧಪಟ್ಟ ವಿಷಯವೇ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಎರಡು ಕಾರಣಗಳಿಂದ ಇದು ನಮ್ಮೆಲ್ಲರಿಗೂ ಸಂಬಂಧಪಟ್ಟದ್ದು. ಈ ಶಿಕ್ಷಣಕ್ಕೆ ಹೋಗುವ ಮಕ್ಕಳಲ್ಲಿ ಅನೇಕರ ತಂದೆತಾಯಿಗಳಿಗೆ ಪಾಠಶಾಲೆಗಳ ಜಾಹೀರಾತುಗಳಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ತಿಳಿಯುವ ಅನುಕೂಲವಿರುವುದಿಲ್ಲ; ಅವರು ಸಲಹೆಯನ್ನು ಕೇಳುವುದು ಓದುಬರಹ ಬಲ್ಲ ನೆರೆಹೊರೆಯವರನ್ನೇ. ಇನ್ನು, ನಾಳೆ ಅದೇ ಮಕ್ಕಳ ಕೈಗೆ ನಮ್ಮ ವೃದ್ಧ ತಂದೆತಾಯಿಗಳನ್ನು ಒಪ್ಪಿಸುವವರೂ ನಾವೇ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ನರ್ಸಿಂಗ್’ ಎಂಬ ಒಂದೇ ಮಾತನ್ನು ಹಲವು ಬಗೆಯ ಶಾಲೆಗಳು ತಮ್ಮ ಫಲಕದ ಮೇಲೆ ಬರೆದುಕೊಳ್ಳುತ್ತವೆ. ನಮ್ಮ ದೇಶದಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯ ಕಾಲದಿಂದ ದಾದಿಯರ ಶಿಕ್ಷಣಕ್ಕೆ ಒಂದು ಕ್ರಮ ಏರ್ಪಟ್ಟಿದೆ. 2023ರಲ್ಲಿ ಪಾರ್ಲಿಮೆಂಟು ಇದೇ ವಿಷಯವಾಗಿ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿತು. ಈ ಕ್ರಮದಲ್ಲಿ ಎ.ಎನ್.ಎಂ. ಶಿಕ್ಷಣ 2 ವರ್ಷದ್ದು, ಜಿ.ಎನ್.ಎಂ. 3 ವರ್ಷದ್ದು, ಬಿ.ಎಸ್ಸಿ. ಪದವಿ 4 ವರ್ಷದ್ದು. ಇವುಗಳಲ್ಲಿ ಉತ್ತೀರ್ಣರಾದವರು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ದಾಖಲು ಮಾಡಿಸಿಕೊಂಡು ವೃತ್ತಿಯನ್ನು ನಡೆಸುತ್ತಾರೆ.

ಸಹಾಯಕರ ಶಿಕ್ಷಣ ಇದಕ್ಕಿಂತ ಭಿನ್ನವಾದದ್ದು. 2013ರಲ್ಲಿ ಪ್ರಕಟವಾದ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ ಅಡಿಯಲ್ಲಿ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಪಾಠಕ್ರಮವಿದೆ. ಇದು ಕೆಲವು ತಿಂಗಳುಗಳ ಶಿಕ್ಷಣ. ಸ್ನಾನ, ಆಹಾರ, ಹಾಸಿಗೆ, ಶೌಚ, ರೋಗಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ಇವು ಅದರ ಮುಖ್ಯ ಭಾಗಗಳು. ಇದನ್ನು ಮುಗಿಸಿದವರು ದಾದಿಯರಾಗುವುದಿಲ್ಲ. ದಾದಿಯರ ಪಟ್ಟಿಯಲ್ಲಿ ಅವರ ಹೆಸರು ಸೇರುವುದಿಲ್ಲ. ಔಷಧ ಕೊಡುವುದಾಗಲಿ ಚುಚ್ಚುಮದ್ದು ಹಾಕುವುದಾಗಲಿ ಅವರ ಅಧಿಕಾರದಲ್ಲಿಲ್ಲ. ಈ ಮಾತನ್ನು ಸೇರುವ ದಿನವೇ ಸ್ಪಷ್ಟವಾಗಿ ಹೇಳುವ ಶಾಲೆ ಪ್ರಾಮಾಣಿಕವಾದದ್ದು. ‘ಆರು ತಿಂಗಳಲ್ಲಿ ನರ್ಸ್ ಆಗಬಹುದು’ ಎನ್ನುವ ಶಾಲೆಯಿಂದ ದೂರವಿರುವುದು ಕ್ಷೇಮ. ಅಲ್ಲಿ ಕಳೆದುಹೋಗುವುದು ಹಣ ಮಾತ್ರವಲ್ಲ, ಬಡ ಮನೆಯ ಮಗಳ ಒಂದು ವರ್ಷದ ಆಯುಸ್ಸು.

ಆದ್ದರಿಂದ ಪಿ.ಯು.ಸಿ. ಮುಗಿಸಿದ ಹುಡುಗಿಗೆ ಇನ್ನೆರಡು ಮೂರು ವರ್ಷ ಓದುವ ಅನುಕೂಲವಿದ್ದರೆ, ಎ.ಎನ್.ಎಂ. ಅಥವಾ ಜಿ.ಎನ್.ಎಂ. ಶಿಕ್ಷಣವನ್ನು ಮೊದಲು ವಿಚಾರಿಸುವುದು ಲೇಸು. ಸಹಾಯಕರಾಗಿ ಕಳೆದ ಕಾಲ ಆ ಶಿಕ್ಷಣದಲ್ಲಿ ವಜಾ ಆಗುವುದಿಲ್ಲ. ಓದು ಹತ್ತನೆಯ ತರಗತಿಗೆ ನಿಂತಿದ್ದು, ಸಂಪಾದನೆ ಬೇಗನೆ ಆಗಬೇಕಾದವರಿಗೆ ಸಹಾಯಕರ ಪಾಠಕ್ರಮ ಗೌರವದ ದಾರಿಯೇ ಸರಿ.

ಇನ್ನು, ಆ ಪಾಠಕ್ರಮಗಳಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ? ಕಟ್ಟಡದ ಅಂದ, ಸಮವಸ್ತ್ರದ ಬಿಳುಪು, ಶುಲ್ಕದ ಮೊತ್ತ, ಇವು ಯಾವುವೂ ಅಳತೆಗೋಲಲ್ಲ. ವಿದ್ಯಾರ್ಥಿಯು ನಿಜವಾದ ರೋಗಿಯ ಹಾಸಿಗೆಯ ಬಳಿ, ಅನುಭವವುಳ್ಳ ದಾದಿಯ ಕಣ್ಣೆದುರಿನಲ್ಲಿ ಎಷ್ಟು ಗಂಟೆ ಕೆಲಸ ಮಾಡುತ್ತಾನೆ ಎಂಬುದೇ ಮುಖ್ಯವಾದ ಅಳತೆ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಶಾಲೆಯು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪ್ರಾರಂಭವಾದಾಗಲೂ ವಿದ್ಯಾರ್ಥಿನಿಯರು ಕಲಿತದ್ದು ವಾರ್ಡುಗಳಲ್ಲಿಯೇ.

ಇದರ ಕಾರಣ ಸುಲಭವಾಗಿ ತಿಳಿಯುವಂಥದು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದ ರೋಗಿಯ ಸೊಂಟ, ಹಿಮ್ಮಡಿ ಮುಂತಾದ ಎಲುಬು ಚಾಚಿದ ಕಡೆಗಳಲ್ಲಿ ಭಾರ ಬಿದ್ದು, ರಕ್ತ ಸಂಚಾರ ಕುಗ್ಗಿ, ಚರ್ಮ ಕೆಂಪೇರಿ, ಕೊನೆಗೆ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ವಾಡಿಕೆಯ ನಿಯಮ. ನಿಯಮವನ್ನು ಪುಸ್ತಕದಿಂದ ಕಲಿಯಬಹುದು. ಆದರೆ ಭಾರವಾದ ದೇಹವನ್ನು ಎಳೆಯದೆ, ಚರ್ಮ ಉಜ್ಜದಂತೆ, ತನ್ನ ಬೆನ್ನಿಗೂ ನೋವಾಗದಂತೆ ಹೊರಳಿಸುವುದನ್ನು ಕೈಯೇ ಕಲಿಯಬೇಕು. ಸಾಬೂನಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲಸದ ಅವಸರದಲ್ಲಿಯೂ ಅದನ್ನು ಬಿಡದಿರುವ ಅಭ್ಯಾಸ ಬರಬೇಕಾದರೆ ನೋಡಿ ತಿದ್ದುವವರೊಬ್ಬರು ಪಕ್ಕದಲ್ಲಿರಬೇಕು.

ಈ ವಿಷಯದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವ ಗಮನಾರ್ಹವಾದದ್ದು. ಅಲ್ಲಿಯ ವೃದ್ಧರ ಶುಶ್ರೂಷಾಲಯಗಳ ಕೊರತೆಗಳನ್ನು ಕುರಿತು 1986ರಲ್ಲಿ ಒಂದು ವರದಿ ಪ್ರಕಟವಾಯಿತು, 1987ರಲ್ಲಿ ಕಾಯಿದೆಯಾಯಿತು. ಅದರಂತೆ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ಶಿಕ್ಷಣವಾಗಬೇಕು. ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಪ್ರತ್ಯಕ್ಷ ಅಭ್ಯಾಸ ನಡೆಯಬೇಕು. ಸೋಂಕಿನ ತಡೆ, ಸುರಕ್ಷತೆ, ರೋಗಿಯ ಹಕ್ಕು ಮೊದಲಾದವುಗಳಲ್ಲಿ 16 ಗಂಟೆಗಳ ಪಾಠವಾಗುವ ಮುನ್ನ ಯಾರೂ ರೋಗಿಯನ್ನು ಮುಟ್ಟುವಂತಿಲ್ಲ. ಪರೀಕ್ಷೆ ಬಾಯಿಮಾತಿನಲ್ಲೋ ಬರಹದಲ್ಲೋ ಮುಗಿಯುವುದಿಲ್ಲ. ಕೆಲಸವನ್ನು ಮಾಡಿ ತೋರಿಸಬೇಕು. ಉತ್ತೀರ್ಣರಾದವರ ಹೆಸರು ರಾಜ್ಯದ ಪಟ್ಟಿಗೆ ಸೇರುತ್ತದೆ. ಅಲ್ಲಿಯೂ 75 ಗಂಟೆ ಸಾಲದೆಂದು ಕಂಡ ರಾಜ್ಯಗಳು ಹೆಚ್ಚು ಕಾಲವನ್ನು ಗೊತ್ತುಮಾಡಿವೆ. ಅವರ ಸಂಖ್ಯೆಗಳು ನಮಗೆ ಒಪ್ಪಬೇಕೆಂದಿಲ್ಲ. ಗಂಟೆಗಳನ್ನು ಎಣಿಸಿ ಕೇಳುವ ಪದ್ಧತಿ ನಮಗೂ ಒಪ್ಪುವಂಥದು.

ಆದಕಾರಣ, ಸಲಹೆ ಕೇಳಿ ಬಂದವರ ಜೊತೆಯಲ್ಲಿ ಸಾಧ್ಯವಾದರೆ ಒಮ್ಮೆ ಶಾಲೆಗೆ ಹೋಗಿ, ಈ ಪ್ರಶ್ನೆಗಳನ್ನು ಕೇಳಬೇಕೆಂದು ತಮ್ಮಲ್ಲಿ ವಿನಂತಿ. ಪ್ರಮಾಣಪತ್ರವನ್ನು ಕೊಡುವವರು ಯಾರು? ಆ ಪಾಠಕ್ರಮದ ಹೆಸರು ರಾಷ್ಟ್ರೀಯ ಅರ್ಹತಾ ದಾಖಲೆಯಲ್ಲಿದೆಯೆ? ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ ಅಭ್ಯಾಸ? ಅದಕ್ಕೆ ಲಿಖಿತ ಒಪ್ಪಂದವುಂಟೆ? ಕಲಿಸುವವರು ದಾಖಲಾದ ದಾದಿಯರೆ? ಒಬ್ಬ ಶಿಕ್ಷಕಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು? ಪರೀಕ್ಷಿಸುವವರು ಶಾಲೆಯವರೆ, ಹೊರಗಿನವರೆ? ವಾರ್ಡಿಗೆ ಕಳುಹಿಸುವ ಮುನ್ನ ಹೆಪಟೈಟಿಸ್ ಬಿ ಲಸಿಕೆಯ ಏರ್ಪಾಡಿದೆಯೆ? ಶುಲ್ಕದಲ್ಲಿ ಸಮವಸ್ತ್ರ ಮತ್ತು ಪರೀಕ್ಷೆಯ ವೆಚ್ಚ ಸೇರಿದೆಯೆ? ನಡುವೆ ಬಿಟ್ಟರೆ ಹಿಂದಕ್ಕೆ ಬರುವುದೆಷ್ಟು? ಮೂಲ ಅಂಕಪಟ್ಟಿಗಳನ್ನು ಮಾತ್ರ ಎಲ್ಲಿಯೂ ಒತ್ತೆಯಂತೆ ಬಿಟ್ಟುಬರಬಾರದು; ನಕಲುಗಳು ಸಾಕು.

ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಟ್ಟು, ಹಿಂದಿನ ತಂಡದ ವಿದ್ಯಾರ್ಥಿಗಳೊಡನೆ ಮಾತನಾಡಲು ಅವಕಾಶವನ್ನೂ ಕೊಡುವ ಶಾಲೆಯನ್ನು ನಂಬಬಹುದು. ‘ಈ ದಿನವೇ ಹಣ ಕಟ್ಟಿದರೆ ರಿಯಾಯಿತಿ’ ಎಂದು ಅವಸರಪಡಿಸುವ ಕಡೆ ಒಂದು ದಿನ ತಡೆದು ಯೋಚಿಸುವುದರಿಂದ ಯಾರಿಗೂ ನಷ್ಟವಿಲ್ಲ.

ಕಡೆಯದಾಗಿ ಒಂದು ಮಾತು. ಈ ಕೆಲಸವನ್ನು ಕೀಳೆಂದು ಭಾವಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇನ್ನೊಬ್ಬರ ಮಲಮೂತ್ರಗಳನ್ನು ಮುಟ್ಟುವ ಕೈಯನ್ನು ದೂರವಿಡುವ ಹಳೆಯ ಮನೋಭಾವ ಅದು. ಅದೇ ಮನೋಭಾವದ ಫಲವಾಗಿ ‘ಇದಕ್ಕೇನು ಶಿಕ್ಷಣ ಬೇಕು?’ ಎಂಬ ಮಾತು ಹುಟ್ಟುತ್ತದೆ. ಅಲ್ಪ ವೇತನವೂ ಅದರಿಂದಲೇ ಬರುತ್ತದೆ. ಮಾತನಾಡಲಾರದ ರೋಗಿಯ ಉಸಿರಿನ ವೇಗ ಬದಲಾದುದನ್ನು ಮೊದಲು ಕಂಡು ದಾದಿಗೆ ತಿಳಿಸುವವರು ಎಷ್ಟೋ ವೇಳೆ ಈ ಸಹಾಯಕರೇ. ಆ ಕಣ್ಣಿಗೆ ಸರಿಯಾದ ಶಿಕ್ಷಣವನ್ನು ಒದಗಿಸಿ, ಆ ದುಡಿಮೆಗೆ ನ್ಯಾಯವಾದ ಪ್ರತಿಫಲವನ್ನು ಕೊಡುವುದು ನಾಗರಿಕ ಸಮಾಜದ ಕರ್ತವ್ಯ. ಸಲಹೆ ಕೇಳಿ ತಮ್ಮ ಬಾಗಿಲಿಗೆ ಬಂದ ಒಬ್ಬ ಹುಡುಗಿಗಾಗಿ ಅರ್ಧ ದಿನವನ್ನು ವೆಚ್ಚಮಾಡಿದರೆ ಆ ಕರ್ತವ್ಯದಲ್ಲಿ ತಮ್ಮ ಪಾಲು ಸಲ್ಲುತ್ತದೆ.